ಕ್ರಿಸ್‌ಮಸ್‌ಗೆ ರಜೆ, ಬೀದಿ ಸುವಾರ್ತೆಗೆ ತಡೆ: ಶ್ರೀಲಂಕಾದ ಗೊಂದಲ ಏನು?

ಡಿಸೆಂಬರ್ ಬಂತೆಂದರೆ ಶ್ರೀಲಂಕಾದಿಂದ ಎರಡು ಬಗೆಯ ಸುದ್ದಿ ಬರುತ್ತವೆ. ಒಂದರಲ್ಲಿ ಕೊಲಂಬೊದ ಅಂಗಡಿ ಬೀದಿಗಳ ತುಂಬ ದೀಪದ ಸರ, ಕ್ಯಾರಲ್ ಹಾಡು, ದೇಶದ ಅಧ್ಯಕ್ಷರ ಹಬ್ಬದ ಸಂದೇಶ. ಇನ್ನೊಂದರಲ್ಲಿ ಯಾವುದೋ ಸಣ್ಣ ಊರು. ಕರಪತ್ರ ಹಂಚುತ್ತಿದ್ದ ಮೂರು ನಾಲ್ಕು ಜನರನ್ನು ಊರವರು ಸುತ್ತುವರಿದಿರುತ್ತಾರೆ. ಇಲ್ಲವೇ ಮನೆಯೊಂದರಲ್ಲಿ ನಡೆಯುತ್ತಿದ್ದ ಪ್ರಾರ್ಥನೆ ಅರ್ಧಕ್ಕೇ ನಿಂತಿರುತ್ತದೆ.

ಎರಡನ್ನೂ ಒಟ್ಟಿಗೆ ನೋಡಿದವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಡಿಸೆಂಬರ್ 25ಕ್ಕೆ ಸರ್ಕಾರವೇ ರಜೆ ಕೊಡುವ ದೇಶ ಯೇಸುವಿನ ಬಗ್ಗೆ ಬೀದಿಯಲ್ಲಿ ಮಾತಾಡಿದರೆ ಯಾಕೆ ಸಿಟ್ಟಾಗಬೇಕು? ಬೌದ್ಧರು ಶಾಂತರು ಅಂತ ನಂಬಿದವರಿಗೆ ಆಘಾತ. ಕ್ರೈಸ್ತರ ಮೇಲೆ ಮೊದಲೇ ಅನುಮಾನ ಇದ್ದವರಿಗೆ ‘ನೋಡಿ, ಹೇಳಿರಲಿಲ್ವಾ’ ಎನ್ನುವ ಸಮಾಧಾನ. ಎರಡೂ ಆತುರದ ತೀರ್ಮಾನ. ಜಗಳದ ಬೇರು ಬೇರೆ ಕಡೆ ಇದೆ.

ಯಾವ ಕ್ರೈಸ್ತರ ಜೊತೆ ಜಗಳ?

2012ರ ಜನಗಣತಿ ಪ್ರಕಾರ ಶ್ರೀಲಂಕಾದಲ್ಲಿ ಬೌದ್ಧರು ಶೇ. 70ರಷ್ಟು. ಹಿಂದೂಗಳು ಶೇ. 12.6, ಮುಸ್ಲಿಮರು ಶೇ. 9.7, ಕ್ರೈಸ್ತರು ಶೇ. 7.4. ಈ ಕ್ರೈಸ್ತರಲ್ಲಿ ಬಹುಪಾಲು, ಅಂದರೆ ಒಟ್ಟು ಜನಸಂಖ್ಯೆಯ ಶೇ. 6ರಷ್ಟು, ಕ್ಯಾಥೊಲಿಕರು. ಉಳಿದದ್ದು ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ. ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳೂ, ಈಚಿನ ಪೆಂಟೆಕೋಸ್ಟಲ್, ಇವಾಂಜೆಲಿಕಲ್ ಸಭೆಗಳೂ ಇದರೊಳಗೇ ಬರುತ್ತವೆ.

ಸಿಂಹಳದಲ್ಲಿ ಕ್ರಿಸ್‌ಮಸ್‌ಗೆ ‘ನತ್ತಲ್’ ಅನ್ನುತ್ತಾರೆ. ಪೋರ್ಚುಗೀಸರ ‘ನತಾಲ್’ ಪದವೇ ಹೀಗಾಗಿದೆ. ನಮ್ಮ ಕರಾವಳಿಯ ‘ಇಗರ್ಜಿ’ಯೂ ಅದೇ ಹಡಗಿನಲ್ಲಿ ಬಂದ ಪದ. ನತ್ತಲ್ ಅಲ್ಲಿನವರಿಗೆ ಪರಕೀಯ ಹಬ್ಬ ಅಲ್ಲ. ಕೊಲಂಬೊದ ಕೊಚ್ಚಿಕಡೆಯಲ್ಲಿರುವ ಸಂತ ಅಂತೋಣಿ ಚರ್ಚಿಗೆ ಮಂಗಳವಾರ ಬೌದ್ಧರು, ಹಿಂದೂಗಳು ಕೂಡ ಬಂದು ಮೇಣದಬತ್ತಿ ಹಚ್ಚುತ್ತಾರೆ.

ಸಿಟ್ಟು ತಿರುಗಿರುವುದು ಹೊಸ ಸಭೆಗಳ ಕಡೆಗೆ. ಇವುಗಳಿಗೆ ಗೋಪುರವಿರುವ ಚರ್ಚ್ ಇರುವುದಿಲ್ಲ. ಬಾಡಿಗೆ ಮನೆಯಲ್ಲೋ, ತಗಡಿನ ಶೆಡ್ಡಿನಲ್ಲೋ ಪ್ರಾರ್ಥನೆ. ಪ್ರಾರ್ಥನೆಗೆ ಸಿಂಹಳದ ಕ್ರೈಸ್ತರು ಬಳಸುವ ಪದ ‘ಯಾಚ್ಞಾ’. ನಮ್ಮ ‘ಯಾಚನೆ’ಯೇ. ಹಂಗಿಸುವವರು ಈ ಜನರನ್ನು ‘ಅಲ್ಲೇಲೂಯದವರು’ ಅಂತಲೂ ಕರೆಯುತ್ತಾರೆ. ಸುವಾರ್ತೆ ಸಾರುವುದು ಇವರ ಪಾಲಿಗೆ ದೇವರ ಆಜ್ಞೆ. ಮನೆ ಮನೆಗೆ ಹೋಗುತ್ತಾರೆ, ಕರಪತ್ರ ಹಂಚುತ್ತಾರೆ, ಕಾಯಿಲೆಯವರಿಗಾಗಿ ಪ್ರಾರ್ಥಿಸುತ್ತಾರೆ. ಕ್ಯಾಥೊಲಿಕ್ ಧರ್ಮಗುರುಗಳೇ ಇವರ ಕೆಲವು ವಿಧಾನಗಳನ್ನು ಬಹಿರಂಗವಾಗಿ ಟೀಕಿಸಿದ್ದಾರೆ. ಹಾಗಾಗಿ ಇದನ್ನು ಸುಮ್ನೆ ‘ಬೌದ್ಧರು–ಕ್ರೈಸ್ತರ ಜಗಳ’ ಎಂದು ಬರೆದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ.

ನಾನೂರು ವರ್ಷದ ನೆನಪು

ಶೇ. 70 ಇರುವವರಿಗೆ ಶೇ. 1 ಇರುವವರನ್ನು ಕಂಡರೆ ಯಾಕೆ ಭಯ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

1505ರಲ್ಲಿ ಪೋರ್ಚುಗೀಸರು ಬಂದರು. ಕರಾವಳಿ ಅವರ ಕೈಗೆ ಹೋಯಿತು, ವಿಹಾರಗಳು ನೆಲಸಮವಾದವು. 1658ರ ಹೊತ್ತಿಗೆ ಡಚ್ಚರು ಅವರನ್ನು ಓಡಿಸಿದರು. ಡಚ್ಚರದು ಪ್ರೊಟೆಸ್ಟೆಂಟ್ ಪಂಥ. ಅವರ ಕಾಲದಲ್ಲಿ ಸರ್ಕಾರಿ ಕೆಲಸ ಬೇಕೆಂದರೆ ಚರ್ಚಿನ ದಾಖಲೆಯಲ್ಲಿ ಹೆಸರಿರಬೇಕಿತ್ತು. ಎಷ್ಟೋ ಜನ ಹೆಸರಿಗೆ ಕ್ರೈಸ್ತರಾಗಿ ಮನೆಯೊಳಗೆ ಬೌದ್ಧರಾಗಿಯೇ ಉಳಿದರು. ‘ಮತ ಬದಲಿಸಿದರೆ ಲಾಭ’ ಎಂಬ ಲೆಕ್ಕ ಆಗಲೇ ಜನರ ಮನಸ್ಸಿಗೆ ಇಳಿಯಿತು. ಇವತ್ತು ಪಾಸ್ಟರ್ ಒಬ್ಬರು ಅಕ್ಕಿ ಚೀಲ ಕೊಟ್ಟರೂ ಆ ಹಳೇ ಲೆಕ್ಕ ತಟ್ಟನೆ ನೆನಪಾಗುತ್ತದೆ.

ಇದೇ ಕಾಲದ ಇನ್ನೊಂದು ಕಥೆಯೂ ಇದೆ. ಅದು ನಮ್ಮ ಕರಾವಳಿಗೂ ಸೇರಿದ್ದು. ಗೋವೆಯ ಬೆನಾಲಿಮ್‌ನಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್ ಕೆನರಾ ಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಈಗಲೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಡಚ್ಚರು ಸಿಲೋನಿನಲ್ಲಿ ಕ್ಯಾಥೊಲಿಕ್ ಪೂಜೆಯನ್ನೇ ನಿಷೇಧಿಸಿದ್ದಾಗ, 1687ರಲ್ಲಿ ಅವರು ವೇಷ ಮರೆಸಿಕೊಂಡು ಅಲ್ಲಿಗೆ ಹೋದರು. ಅವರಿಗೆ ಕೊನೆಗೆ ಆಸರೆ ಸಿಕ್ಕಿದ್ದು ಕ್ಯಾಂಡಿಯಲ್ಲಿ, ಒಬ್ಬ ಬೌದ್ಧ ರಾಜನ ಬಳಿ. ಮೊದಮೊದಲು ಪೋರ್ಚುಗೀಸರ ಗೂಢಚಾರ ಎಂದು ರಾಜ ಅವರನ್ನು ಸೆರೆಯಲ್ಲಿಟ್ಟಿದ್ದ. ಆಮೇಲೆ ಓಡಾಡಲು, ಬೋಧಿಸಲು ಬಿಟ್ಟ. ಸಿಡುಬು ಬಡಿದಾಗ ವಾಜ್ ರೋಗಿಗಳ ಸೇವೆ ಮಾಡಿದರು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಗೇ ಬಂದು ಅವರನ್ನು ಸಂತ ಎಂದು ಘೋಷಿಸಿದರು. ಕ್ರೈಸ್ತ ಆಡಳಿತ ಅಟ್ಟಾಡಿಸಿದ ಕ್ರೈಸ್ತ ಪಾದ್ರಿಗೆ ಬೌದ್ಧ ರಾಜ ಜಾಗ ಕೊಟ್ಟ ಈ ಸಂಗತಿ ಇಂದಿನ ಬಿಸಿಬಿಸಿ ವಾದಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬರಬೇಕಿತ್ತು.

1815ರಲ್ಲಿ ಕ್ಯಾಂಡಿ ಬ್ರಿಟಿಷರ ಕೈಗೆ ಹೋಯಿತು. ಬೌದ್ಧ ಧರ್ಮವನ್ನು ಕಾಪಾಡುತ್ತೇವೆ ಎಂದು ಅವರು ಒಪ್ಪಂದದಲ್ಲೇ ಬರೆದುಕೊಟ್ಟರು. ಆದರೆ ಶಾಲೆಗಳು ಮಿಷನರಿಗಳ ಕೈಯಲ್ಲಿ, ಕೆಲಸ ಇಂಗ್ಲಿಷ್ ಕಲಿತವರಿಗೆ. ಬೌದ್ಧರು ತಿರುಗಿ ನಿಂತದ್ದು ಮಾತಿನ ಮೂಲಕ. 1873ರ ಆಗಸ್ಟ್‌ನಲ್ಲಿ ಪಾನದುರ ಎಂಬ ಊರಿನಲ್ಲಿ ಎರಡು ದಿನ ಬಹಿರಂಗ ವಾದ ನಡೆಯಿತು. ಭಿಕ್ಷು ಮಿಗೆಟ್ಟುವತ್ತೆ ಗುಣಾನಂದ ಒಂದು ಕಡೆ, ಪಾದ್ರಿ ಡೇವಿಡ್ ಡಿ ಸಿಲ್ವ ಇನ್ನೊಂದು ಕಡೆ. ಸಾವಿರಾರು ಜನ ಕೂತು ಕೇಳಿದರು. ಈ ವಾದದ ಸುದ್ದಿ ಓದಿದ ಅಮೆರಿಕದ ಹೆನ್ರಿ ಓಲ್ಕಾಟ್ 1880ರಲ್ಲಿ ಅಲ್ಲಿಗೆ ಬಂದು ಬೌದ್ಧ ಶಾಲೆಗಳಿಗೆ ಬಲ ತುಂಬಿದರು. ಬೌದ್ಧರೂ ಮಿಷನರಿಗಳ ದಾರಿಯನ್ನೇ ಹಿಡಿದರು. ಮುದ್ರಣಾಲಯ ಬಂತು, ಭಾನುವಾರದ ಧರ್ಮಪಾಠ ಬಂತು, ವೆಸಾಕ್ (ಬುದ್ಧ ಪೂರ್ಣಿಮೆ) ಹಬ್ಬಕ್ಕೆ ಶುಭಾಶಯ ಕಾರ್ಡು, ಕ್ಯಾರಲ್ ಮಾದರಿಯ ಭಕ್ತಿಗೀತೆ ಬಂದವು.

ಒಂದು ಬಸ್ ಸ್ಟ್ಯಾಂಡ್‌ನಲ್ಲಿ

ಈಗ ಜಗಳ ಹುಟ್ಟುವ ಜಾಗವನ್ನು ಹತ್ತಿರದಿಂದ ನೋಡೋಣ. ಲಂಕೆಯ ಒಂದು ಸಾಧಾರಣ ಊರಿನ ಬಸ್ ಸ್ಟ್ಯಾಂಡ್ ಅಂದುಕೊಳ್ಳಿ. ರಸ್ತೆ ಕೂಡುವಲ್ಲಿ ಒಂದು ಅರಳಿ ಮರ. ಅದರ ಕೆಳಗೆ ಗಾಜಿನ ಗೂಡಿನಲ್ಲಿ ಬುದ್ಧನ ಮೂರ್ತಿ, ಮುಂದೆ ಕಾಣಿಕೆ ಡಬ್ಬಿ. ಬಸ್ಸಿನಿಂದ ಕಂಡಕ್ಟರ್ ಇಳಿದು ಚಿಲ್ಲರೆ ಹಾಕಿ, ಕೈ ಮುಗಿದು ಓಡಿ ಬಂದು ಬಸ್ ಹತ್ತುತ್ತಾನೆ. ಅದೇ ಜಾಗದಲ್ಲಿ ಒಂದು ಗುಂಪು ಸ್ಪೀಕರ್ ಇಟ್ಟು ‘ಯೇಸು ಒಬ್ಬನೇ ದಾರಿ’ ಎಂದು ಸಾರುತ್ತದೆ.

ಹೇಳುವವನ ಮನಸ್ಸಿನಲ್ಲಿ ಇದು ಒಳ್ಳೆಯ ಸುದ್ದಿ. ಕೇಳುವವನ ಕಿವಿಗೆ ‘ನೀನು ಈಗಷ್ಟೇ ಕೈ ಮುಗಿದದ್ದು ಸುಳ್ಳು’ ಎಂದಂತೆ. ಎರಡೂ ಒಂದೇ ವಾಕ್ಯ. ತೊಂದರೆ ಇಲ್ಲಿಂದಲೇ ಶುರು.

ಡಿಸೆಂಬರ್‌ಗೆ ಇನ್ನೊಂದು ವಿಶೇಷವಿದೆ. ಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’, ಅಂದರೆ ರಜೆ. ಡಿಸೆಂಬರಿನದು ಉಂದುವಪ್ ಪೋಯ. ಅಶೋಕನ ಮಗಳು ಸಂಘಮಿತ್ತೆ ಬೋಧಿವೃಕ್ಷದ ಕೊಂಬೆಯನ್ನು ತಂದ ದಿನ ಎಂದು ಅದನ್ನು ಆಚರಿಸುತ್ತಾರೆ. ಆ ಕೊಂಬೆಯಿಂದ ಬೆಳೆದ ಮರವೇ ಅನುರಾಧಪುರದ ಮಹಾಬೋಧಿ. ಹೀಗೆ ಒಂದೇ ತಿಂಗಳಲ್ಲಿ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುವವರೂ, ನಕ್ಷತ್ರದ ಬುಟ್ಟಿ ಕಟ್ಟುವವರೂ ಅದೇ ಬೀದಿಯಲ್ಲಿ ಓಡಾಡುತ್ತಾರೆ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗಾಳಿಯಲ್ಲಿ ಮೊದಲೇ ಸಿಟ್ಟಿದ್ದರೆ ಮಾತ್ರ ಒಂದು ಸ್ಪೀಕರ್ ಸಾಕಾಗುತ್ತದೆ.

2003ರ ಡಿಸೆಂಬರ್

ಆ ಸಿಟ್ಟು ಈ ಕಾಲದಲ್ಲಿ ಗಟ್ಟಿಯಾದದ್ದು 2003ರಲ್ಲಿ. ಗಂಗೊಡವಿಲ ಸೋಮ ಥೇರ ಟಿವಿಯಲ್ಲಿ ಬಹಳ ಹೆಸರು ಮಾಡಿದ್ದ ಭಿಕ್ಷು. ಮತಾಂತರದ ವಿರುದ್ಧ ಖಾರವಾಗಿ ಮಾತಾಡುತ್ತಿದ್ದರು. ಆ ಡಿಸೆಂಬರ್ 12ರಂದು ಅವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಹೃದಯಾಘಾತ ಎಂದು ವೈದ್ಯರು ಹೇಳಿದರು. ಕ್ರೈಸ್ತರ ಸಂಚು ಎಂಬ ಗಾಳಿಮಾತು ಅದಕ್ಕಿಂತ ಬೇಗ ಹರಡಿತು. ಅವರ ಅಂತ್ಯಕ್ರಿಯೆ ನಡೆದದ್ದು ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ. ಆ ದಿನಗಳಲ್ಲಿ ಹಲವು ಚರ್ಚುಗಳ ಮೇಲೆ ದಾಳಿಯಾಯಿತು.

ಪರಿಣಾಮ ಅಲ್ಲಿಗೆ ನಿಲ್ಲಲಿಲ್ಲ. ಎರಡೇ ತಿಂಗಳಲ್ಲಿ ಭಿಕ್ಷುಗಳ ಪಕ್ಷವೊಂದು ಹುಟ್ಟಿತು, ಜಾತಿಕ ಹೆಳ ಉರುಮಯ. 2004ರ ಏಪ್ರಿಲ್ ಚುನಾವಣೆಯಲ್ಲಿ ಅದರ 9 ಭಿಕ್ಷುಗಳು ಸಂಸತ್ತಿಗೆ ಬಂದರು. ಬಂದವರು ಮತಾಂತರ ತಡೆ ಮಸೂದೆ ತಂದರು. ಅದರಲ್ಲಿ 5 ವರ್ಷದವರೆಗೆ ಜೈಲು ಇತ್ತು. ಮತ ಬದಲಿಸಿದರೆ ಅಧಿಕಾರಿಗೆ ತಿಳಿಸಬೇಕು ಎಂಬ ನಿಯಮವೂ ಇತ್ತು.

ಅದೇ ವರ್ಷ ಡಿಸೆಂಬರ್ 26ರಂದು, ಉಂದುವಪ್ ಪೋಯದ ದಿನವೇ, ಸುನಾಮಿ ಬಂತು. ಲಂಕೆಯಲ್ಲಿ 30 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಹೊರದೇಶದ ನೆರವು ಹರಿದುಬಂತು. ನೆರವಿನ ಜೊತೆ ಬೈಬಲ್ಲೂ ಬರುತ್ತಿದೆ ಎಂಬ ದೂರೂ ಬಂತು. ನೆರವಿಗೆ ಬಂದವರಲ್ಲಿ ಬಹುಪಾಲು ಜನ ಊಟ, ಔಷಧಿ ಬಿಟ್ಟು ಬೇರೇನೂ ಕೊಡಲಿಲ್ಲ. ಕೆಲವರು ಎರಡನ್ನೂ ಬೆರೆಸಿದ್ದು ಎಲ್ಲರ ಮೇಲೆ ಅನುಮಾನ ಬೀಳಲು ಸಾಕಾಯಿತು.

ಸಂವಿಧಾನದಲ್ಲಿ ಇಲ್ಲದ ಒಂದು ಪದ

ಈಗ ಕಾನೂನು. ಇಡೀ ಗೊಂದಲ ಇಲ್ಲಿ ಒಂದು ಪದಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಶ್ರೀಲಂಕಾದ 1978ರ ಸಂವಿಧಾನದಲ್ಲಿ ‘ಪ್ರಚಾರ’ ಎಂಬ ಪದ ಇಲ್ಲ. ಅದರ 9ನೇ ವಿಧಿ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಡುತ್ತದೆ, ಉಳಿದ ಧರ್ಮಗಳ ಹಕ್ಕಿಗೂ ಭರವಸೆ ಕೊಡುತ್ತದೆ. 10ನೇ ವಿಧಿ ಯಾರು ಬೇಕಾದರೂ ತಮಗೆ ಬೇಕಾದ ಧರ್ಮವನ್ನು ಹೊಂದಬಹುದು, ಹೊಸದಾಗಿ ಒಪ್ಪಬಹುದು ಎನ್ನುತ್ತದೆ. 14ನೇ ವಿಧಿ ಪೂಜೆ, ಆಚರಣೆ, ಬೋಧನೆಗಳ ಮೂಲಕ ಧರ್ಮವನ್ನು ಖಾಸಗಿಯಾಗಿ ಅಥವಾ ಬಹಿರಂಗವಾಗಿ ತೋರಿಸಿಕೊಳ್ಳುವ ಹಕ್ಕನ್ನು ನಾಗರಿಕರಿಗೆ ಕೊಡುತ್ತದೆ.

ಸ್ವಲ್ಪ ನಿಧಾನವಾಗಿ ಓದಿ. ‘ಬಹಿರಂಗವಾಗಿ’ ಇದೆ. ‘ಬೋಧನೆ’ ಇದೆ. ಹಾಗಾದರೆ ಬಸ್ ಸ್ಟ್ಯಾಂಡ್‌ನಲ್ಲಿ ಬೋಧಿಸುವುದು ಹಕ್ಕೇ ಅಲ್ವಾ? ಬೇರೆ ಧರ್ಮದವರ ಎದುರು ಬೋಧಿಸಿದರೆ ಅದು ಪ್ರಚಾರ ಆಗುತ್ತದೆ, ಪ್ರಚಾರಕ್ಕೆ ಹಕ್ಕಿಲ್ಲ ಎಂಬುದು ಎದುರು ವಾದ.

2003ರಲ್ಲಿ ಈ ಪ್ರಶ್ನೆ ಲಂಕೆಯ ಸುಪ್ರೀಂ ಕೋರ್ಟಿಗೆ ಹೋಯಿತು. ಶಿಕ್ಷಣ, ಸೇವೆಯ ಕೆಲಸ ಮಾಡುವ ಕ್ಯಾಥೊಲಿಕ್ ಕನ್ಯಾಸ್ತ್ರೀಯರ ಒಂದು ಸಂಘವನ್ನು ಕಾನೂನುಬದ್ಧ ಸಂಸ್ಥೆ ಮಾಡುವ ಮಸೂದೆ ಅದು. ಸಂವಿಧಾನ ಪ್ರಚಾರದ ಹಕ್ಕು ಕೊಟ್ಟಿಲ್ಲ, ಪ್ರಚಾರದ ಜೊತೆ ಸೇವೆ, ನೆರವು ಬೆರೆತರೆ ಬಡವರ ಆಯ್ಕೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಕೋರ್ಟ್ ಹೇಳಿತು. ಹಾಗೆ ಹೇಳುವಾಗ ಅದು ಭಾರತದ ಸುಪ್ರೀಂ ಕೋರ್ಟಿನ 1977ರ ಸ್ಟಾನಿಸ್ಲಾಸ್ ತೀರ್ಪನ್ನೂ ಉಲ್ಲೇಖಿಸಿತು. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂಬುದು ಆ ತೀರ್ಪಿನ ಸಾರ. ಕನ್ಯಾಸ್ತ್ರೀಯರು ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಗೆ ಹೋದರು. 2005ರಲ್ಲಿ ಸಮಿತಿ ಅವರ ಪರ ಅಭಿಪ್ರಾಯ ಕೊಟ್ಟಿತು.

ಇತ್ತ ಭಿಕ್ಷುಗಳ ಮಸೂದೆಗೂ ಕೋರ್ಟ್ ಪೂರ್ತಿ ಹಸಿರು ನಿಶಾನೆ ತೋರಲಿಲ್ಲ. ಮತ ಬದಲಿಸಿದವರು ಅಧಿಕಾರಿಗೆ ವರದಿ ಮಾಡಬೇಕು ಎಂಬ ಭಾಗ 10ನೇ ವಿಧಿಗೆ ವಿರುದ್ಧ, ಅದನ್ನು ಇಟ್ಟುಕೊಳ್ಳಬೇಕಾದರೆ ಮೂರನೇ ಎರಡು ಬಹುಮತವೂ ಜನಮತಗಣನೆಯೂ ಬೇಕು ಎಂದಿತು. ಕರ್ನಾಟಕದ 2022ರ ಕಾಯ್ದೆಯಲ್ಲಿ ಮತಾಂತರಕ್ಕೆ 30 ದಿನ ಮೊದಲೇ ತಿಳಿಸಬೇಕು ಎಂಬ ನಿಯಮ ಇರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಲಂಕೆಯ ಮಸೂದೆ ಕೊನೆಗೂ ಕಾನೂನಾಗಲಿಲ್ಲ.

ಅಂದರೆ ಇವತ್ತು ಬೀದಿ ಬೋಧನೆ ಮಾಡಬಾರದು ಎಂಬ ಮತಾಂತರ ತಡೆ ಕಾಯ್ದೆ ಅಲ್ಲಿಲ್ಲ. ಮಾಡಬಹುದು ಎಂದು ಖಚಿತವಾಗಿ ಹೇಳುವ ತೀರ್ಪನ್ನೂ ಎದುರಿಡುವುದು ಕಷ್ಟ. ಸ್ಪೀಕರ್‌ಗೆ ಪೊಲೀಸ್ ಅನುಮತಿ ಬೇಕು. 2007ರ ತೀರ್ಪಿನಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ವಿಶೇಷ ಸಂದರ್ಭ ಬಿಟ್ಟರೆ, ಯಾವ ಧರ್ಮದವರಿಗೂ ಆ ಅನುಮತಿ ಇಲ್ಲ. ಧಾರ್ಮಿಕ ದ್ವೇಷ ಕೆರಳಿಸಿದರೆ 2007ರ ಇನ್ನೊಂದು ಕಾಯ್ದೆಯಡಿ 10 ವರ್ಷದವರೆಗೆ ಜೈಲು. 2023ರಲ್ಲಿ ಪ್ರಸಿದ್ಧ ಪಾಸ್ಟರ್ ಒಬ್ಬರು ಬುದ್ಧನ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದರೂ ಡಿಸೆಂಬರ್ 1ರಂದು ಬಂಧನವಾಯಿತು. ಆ ವರ್ಷದ ಕ್ರಿಸ್‌ಮಸ್ ಅವರಿಗೆ ಸೆರೆಯಲ್ಲೇ ಕಳೆಯಿತು.

ಎರಡೂ ಕಡೆಯವರ ಮಾತು

ವಿರೋಧಿಸುವವರು ‘ಅನೈತಿಕ ಮತಾಂತರ’ ಎಂಬ ಪದ ಬಳಸುತ್ತಾರೆ. ಹಸಿದವನಿಗೆ ಅಕ್ಕಿ ಕೊಟ್ಟು, ಕಾಯಿಲೆಯವನಿಗೆ ಪವಾಡದ ಆಸೆ ತೋರಿಸಿ ಧರ್ಮ ಬದಲಿಸುವುದು ಆಯ್ಕೆ ಅಲ್ಲ, ಒತ್ತಡ ಎಂಬುದು ಅವರ ವಾದ. ಸಿಂಹಳ ಬೌದ್ಧರಿಗೆ ಜಗತ್ತಿನಲ್ಲಿ ಇರುವುದು ಇದೊಂದೇ ದ್ವೀಪ, ಎದುರಿಗಿರುವುದು ಹೊರದೇಶದ ಹಣ ಎಂಬ ಭಯವೂ ಅದರ ಹಿಂದಿದೆ. ಉತ್ತರ ಮತ್ತು ಪೂರ್ವದ ತಮಿಳು ಹಿಂದೂಗಳಲ್ಲೂ ಈಚೆಗೆ ಇದೇ ಮಾತು ಕೇಳುತ್ತಿದೆ.

ಇವಾಂಜೆಲಿಕಲ್ ಸಭೆಗಳ ಉತ್ತರ ಬೇರೆ. ನೆರವು ಕೊಡುವುದೂ ನಮ್ಮ ಧರ್ಮವೇ, ಬಲವಂತಕ್ಕೆ ಸಾಕ್ಷಿ ಇದ್ದರೆ ಕೇಸು ಹಾಕಿ, ಸಾಕ್ಷಿ ಇಲ್ಲದೆ ಪ್ರಾರ್ಥನೆ ನಿಲ್ಲಿಸಬೇಡಿ ಎನ್ನುತ್ತವೆ. ಇನ್ನೊಂದು ಮಾತನ್ನೂ ಅವು ಕೇಳುತ್ತವೆ, ಅದಕ್ಕೆ ಉತ್ತರಿಸುವುದು ಸುಲಭವಲ್ಲ. ಬಡವ ಮತ ಬದಲಿಸಿದ ಕೂಡಲೇ ಅವನಿಗೆ ಸ್ವಂತ ಬುದ್ಧಿ ಇಲ್ಲ ಎಂದು ಯಾಕೆ ತಿಳಿಯಬೇಕು?

ಬೌದ್ಧ ಧರ್ಮವೂ ಲಂಕೆಗೆ ಬೋಧನೆಯಿಂದಲೇ ಬಂತು. ಅಶೋಕನ ಕಾಲದಲ್ಲಿ ಮಹಿಂದ ಥೇರ ಮಿಹಿಂತಲೆಯ ಬೆಟ್ಟದಲ್ಲಿ ರಾಜನಿಗೆ ಬೋಧಿಸಿದ ಕಥೆಯನ್ನು ಅಲ್ಲಿನ ಪ್ರತಿ ಮಗುವೂ ಕಲಿಯುತ್ತದೆ. ಅದೇ ಅಶೋಕನ 12ನೇ ಬಂಡೆ ಶಾಸನದ ಪಾಠವಿರುವ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಸಿಕ್ಕಿತು. ಮೂರ್ತಿಯೊಂದರ ಪೀಠವಾಗಿ ಅದು ಶತಮಾನಗಳ ಕಾಲ ಕೆಳಗೆ ಅಡಗಿತ್ತು. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯಬೇಡ, ಮಾತಿನಲ್ಲಿ ಹಿಡಿತವಿರಲಿ ಎನ್ನುತ್ತದೆ ಆ ಶಾಸನ. ಬೋಧನೆಯನ್ನು ಅದು ನಿಲ್ಲಿಸಲಿಲ್ಲ, ಬೋಧಿಸುವವನ ನಾಲಗೆಗೆ ಕಡಿವಾಣ ಕೇಳಿತು. ನನಗೆ ಈ ಗೆರೆಯೇ ಸರಿ ಎನಿಸುತ್ತದೆ. ನಿನ್ನ ದೇವರ ಬಗ್ಗೆ ಹೇಳು, ಗಾಜಿನ ಗೂಡಿನ ಬುದ್ಧನನ್ನು ಬಯ್ಯಬೇಡ. ಹೇಳುವವನ ಮೇಲೆ ಕೈ ಮಾಡುವ ಹಕ್ಕಂತೂ ಯಾರಿಗೂ ಇಲ್ಲ.

ಹೀಗೇ ಮುಂದುವರಿದರೆ

ಮೊದಲ ಪರಿಣಾಮ ಈಗಾಗಲೇ ಕಾಣುತ್ತಿದೆ. 2008ರಲ್ಲಿ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಹೊಸ ಪೂಜಾಸ್ಥಳ ಕಟ್ಟಲು ಸಚಿವಾಲಯದ ಒಪ್ಪಿಗೆ ಬೇಕು ಎಂಬುದು ಅದರ ಸಾರ. ಸಣ್ಣ ಸಭೆಗಳಿಗೆ ಒಪ್ಪಿಗೆ ಸಿಗುವುದು ಕಷ್ಟ. ಹಾಗಾಗಿ ಮನೆಯಲ್ಲಿ ಸೇರುತ್ತಾರೆ. ಮನೆಯಲ್ಲಿ ಸೇರಿದರೆ ‘ಅನುಮತಿ ಇಲ್ಲದ ಪ್ರಾರ್ಥನಾ ಕೇಂದ್ರ’ ಎಂಬ ದೂರು. ಬಾಗಿಲು ಹಾಕಿಕೊಂಡರೆ ‘ಒಳಗೆ ಏನೋ ನಡೆಯುತ್ತಿದೆ’ ಎಂಬ ಅನುಮಾನ. ಬೀದಿಗೆ ಬಂದರೆ ಜಗಳ.

ಎರಡನೆಯದು ಪೊಲೀಸರ ಪಾತ್ರ. ಗುಂಪು ಸೇರಿದಾಗ ಠಾಣೆಯವರಿಗೆ ಸುಲಭದ ದಾರಿ ಒಂದೇ. ನೂರು ಜನರನ್ನು ಚದುರಿಸುವ ಬದಲು ಹತ್ತು ಜನರಿಗೆ ‘ಇವತ್ತಿಗೆ ನಿಲ್ಲಿಸಿಬಿಡಿ’ ಎನ್ನುವುದು. ಶಾಂತಿ ಉಳಿಯುತ್ತದೆ ನಿಜ. ಆದರೆ ಗುಂಪು ಕಟ್ಟಿದರೆ ಕೆಲಸ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಮುಂದಿನ ಸಲ ಗುಂಪು ಇನ್ನೂ ಬೇಗ ಸೇರುತ್ತದೆ. 2019ರ ಏಪ್ರಿಲ್ 14ರಂದು, ಗರಿಗಳ ಭಾನುವಾರ, ಅನುರಾಧಪುರದ ಮೆಥಡಿಸ್ಟ್ ಪ್ರಾರ್ಥನಾ ಕೇಂದ್ರದ ಮೇಲೆ ಕಲ್ಲು ಬಿದ್ದವು. ಒಳಗೆ ಆ ಸಭೆಯ ಬಿಷಪ್ ಅವರೇ ಇದ್ದರು. ಮೆಥಡಿಸ್ಟರು ಹೊಸಬರೇನಲ್ಲ, 1814ರಿಂದ ಅಲ್ಲಿದ್ದಾರೆ. ಹೊಸ ಸಭೆಗಳ ಮೇಲೆ ಶುರುವಾದ ಸಿಟ್ಟು ಹಳೆಯ ಸಭೆಗಳನ್ನೂ ಮುಟ್ಟಿತ್ತು. ಸರಿಯಾಗಿ ಒಂದು ವಾರಕ್ಕೆ, ಈಸ್ಟರ್ ದಿನ, ಬೇರೆಯದೇ ದಿಕ್ಕಿನಿಂದ, ಇಸ್ಲಾಮಿಸ್ಟ್ ಉಗ್ರರಿಂದ, ಬಾಂಬು ಬಂದವು. ಚರ್ಚು, ಹೋಟೆಲುಗಳಲ್ಲಿ 260ಕ್ಕೂ ಹೆಚ್ಚು ಜನ ಸತ್ತರು. ಅಂದಿನಿಂದ ಕ್ರಿಸ್‌ಮಸ್ ಪೂಜೆಗೂ ಬಂದೂಕಿನ ಕಾವಲು.

ಮೂರನೆಯದು ಹೊಟ್ಟೆಪಾಡಿನ ವಿಷಯ. ಯುರೋಪಿಗೆ ಲಂಕೆ ಕಳಿಸುವ ಸಿದ್ಧ ಉಡುಪಿಗೆ ಸುಂಕ ರಿಯಾಯಿತಿ ಇದೆ. ಅದನ್ನು ಮಾನವ ಹಕ್ಕು ಒಪ್ಪಂದಗಳ ಪಾಲನೆಗೆ ಗಂಟು ಹಾಕಲಾಗಿದೆ. 2010ರಲ್ಲಿ ಅದು ಒಮ್ಮೆ ಕೈತಪ್ಪಿ 2017ರಲ್ಲಿ ಮರಳಿ ಸಿಕ್ಕಿತು. ಧಾರ್ಮಿಕ ಸ್ವಾತಂತ್ರ್ಯದ ದೂರು ಹೆಚ್ಚಾದರೆ ಆ ರಿಯಾಯಿತಿಯ ಮಾತುಕತೆಯಲ್ಲಿ ಲಂಕೆಯ ಬಲ ಕುಗ್ಗುತ್ತದೆ.

ನಮ್ಮವರು ಗಮನಿಸಬೇಕಾದ ಒಂದು ಸಂಗತಿಯೂ ಇದೆ. 14ನೇ ವಿಧಿಯ ಹಕ್ಕು ಲಂಕೆಯ ನಾಗರಿಕರಿಗೆ ಮಾತ್ರ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿನ ಬೀದಿಯಲ್ಲಿ ಸುವಾರ್ತೆ ಸಾರುವವರಿಗೆ ಆ ರಕ್ಷಣೆ ಸಿಗುವುದಿಲ್ಲ. ಅವರು ಮರಳಿ ವಿಮಾನ ಹತ್ತಿದ ಮೇಲೂ ಅದರ ಬಿಸಿ ತಟ್ಟುವುದು ಅಲ್ಲೇ ಉಳಿಯುವ ಸ್ಥಳೀಯ ಸಭೆಗೆ.

ಹೊಸ ಸಂವಿಧಾನ ತರುತ್ತೇವೆ ಎಂದು 2024ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಮಾತು ಕೊಟ್ಟಿದೆ. ಕರಡು ಬಂದ ದಿನ ಪತ್ರಿಕೆಗಳು ಬೌದ್ಧ ಧರ್ಮದ ಅಗ್ರಸ್ಥಾನದ 9ನೇ ವಿಧಿಯನ್ನೇ ಮೊದಲು ಹುಡುಕುತ್ತವೆ. ಬೀದಿ ಬೋಧನೆಯ ಪ್ರಶ್ನೆಗೆ ಉತ್ತರ ಬೇಕಾದವರು 14ನೇ ವಿಧಿಯನ್ನು ತೆಗೆದು, ‘ಬೋಧನೆ’ ಎಂಬ ಪದದ ಪಕ್ಕ ಇನ್ನೊಂದು ಪದ ಸೇರಿದೆಯೇ ಎಂದು ನೋಡಬೇಕು.